ಕುದಿಯುವ ಮುನ್ನ

ಸಾರು ಎಂದ ಮೇಲೆ ಕುದಿಯಬೇಕು. ಕುದ್ದಷ್ಟೂ ರುಚಿ, ಮಾರನೆಯ ದಿನ ಮತ್ತೊಮ್ಮೆ ಕುದ್ದರೆ ಇನ್ನೂ ರುಚಿ ಎಂಬುದು ನಮ್ಮ ಅಡುಗೆಮನೆಗಳ ನಂಬಿಕೆ. ಹುರುಳಿಕಟ್ಟಿನ ಸಾರಿನ ಮಟ್ಟಿಗೆ ನಿಜವೂ ಹೌದು. ಇದೇ ನಂಬಿಕೆ ಹೊತ್ತು ಜಪಾನಿನ ಉದೊನ್ ಎಂಬ ದಪ್ಪ ಗೋಧಿ ನೂಡಲ್ಸಿಗೆ ಸಾರು ಮಾಡಲು ನಿಂತರೆ ಮೊದಲ ಹತ್ತು ನಿಮಿಷದಲ್ಲೇ ಕೆಲಸ ಕೆಡುತ್ತದೆ.

ಆ ಸಾರಿಗೆ ಆಧಾರ ದಾಶಿ ಎಂಬ ತಿಳಿ ಕಟ್ಟು. 1 ಲೀಟರ್ ನೀರು, ಕೊಂಬು ಎಂಬ ಒಣ ಕಡಲಪಾಚಿಯ ಪಟ್ಟಿ 10 ಗ್ರಾಂ, ಕತ್ಸುವೊಬುಶಿ 25 ಗ್ರಾಂ, ಇಷ್ಟೇ ಸಾಮಾನು. ಸ್ಕಿಪ್‌ಜಾಕ್ ಟ್ಯೂನಾ ಮೀನನ್ನು ಬೇಯಿಸಿ, ಮತ್ತೆ ಮತ್ತೆ ಹೊಗೆಯಾಡಿಸಿ, ಕಟ್ಟಿಗೆಯಂತೆ ಒಣಗಿಸಿ, ತೆಳ್ಳಗೆ ಕೀಸಿದ ಚಕ್ಕೆಗಳೇ ಕತ್ಸುವೊಬುಶಿ. ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಇದೇ ಮೀನಿನಿಂದ ಮಾಡುವ ಮಾಸ್‌ಮಿನ್ ಇದರ ಹತ್ತಿರದ ನೆಂಟ.

ಕೊಂಬಿನ ಮೈಮೇಲೆ ಬಿಳಿ ಪುಡಿ ಕಂಡರೆ ಬೂಸ್ಟು ಹಿಡಿದಿದೆ ಎಂದು ನಲ್ಲಿಯ ಕೆಳಗೆ ಹಿಡಿಯುವವರಿದ್ದಾರೆ. ಅದು ಮ್ಯಾನಿಟಾಲ್, ಪಾಚಿಯದೇ ಸಿಹಿ. ಒದ್ದೆ ಬಟ್ಟೆಯಲ್ಲಿ ಮಣ್ಣು ಒರೆಸಿದರೆ ಸಾಕು. ಕನಿಷ್ಠ ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಯಲಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದರೆ ಇನ್ನೂ ಒಳ್ಳೆಯದು. ನಂತರ ಸಣ್ಣ ಉರಿ. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆಗಳು ಕೂತು ಮೇಲೇಳಲು ಶುರುವಾದೊಡನೆ ಪಟ್ಟಿಯನ್ನು ತೆಗೆದುಬಿಡಬೇಕು. ಕುದಿಸಿದರೆ ಲೋಳೆ ಬಿಟ್ಟುಕೊಂಡು, ಸಮುದ್ರದಂಡೆಯ ವಾಸನೆ ಸಾರಿಗೆಲ್ಲ ಹತ್ತುತ್ತದೆ.

ಪಟ್ಟಿ ಹೊರಬಂದ ಮೇಲೆ ನೀರನ್ನು ಒಂದು ಕುದಿ ತಂದು, ಒಲೆ ಆರಿಸಿ, ಚಕ್ಕೆಗಳನ್ನೆಲ್ಲ ಒಮ್ಮೆಗೇ ಸುರಿಯಿರಿ. ಒಂದೆರಡು ನಿಮಿಷದಲ್ಲಿ ಅವು ಮುಳುಗುತ್ತವೆ, ಬಟ್ಟೆಯಲ್ಲಿ ಸೋಸಿ. ಬಟ್ಟೆ ಹಿಂಡುವ ಆಸೆ ಎಲ್ಲರಿಗೂ ಆಗುತ್ತದೆ, ಅಷ್ಟು ದುಡ್ಡು ಕೊಟ್ಟು ತಂದದ್ದಲ್ಲವೇ! ಹಿಂಡಿದರೆ ಒಗರು ಇಳಿದು ತಿಳಿ ಕದಡುತ್ತದೆ. ಅದರ ಬದಲು ಅದೇ ಚಕ್ಕೆ, ಅದೇ ಕೊಂಬನ್ನು ಅರ್ಧ ಲೀಟರ್ ನೀರಿನಲ್ಲಿ ಹತ್ತು ನಿಮಿಷ ಸಣ್ಣಗೆ ಕಾಯಿಸಿದರೆ ಎರಡನೆಯ ದಾಶಿ ಸಿಗುತ್ತದೆ. ಹುದುಗಿಸಿದ ಸೋಯಾ ಮುದ್ದೆಯ ಮಿಸೊ ಸೂಪಿಗೆ, ತರಕಾರಿ ಬೇಯಿಸಲು ಅದು ಧಾರಾಳ.

ಎರಡೇ ಸಾಮಾನಿಗೆ ಇಷ್ಟು ರುಚಿ ಹೇಗೆ? ಕೊಂಬಿನ ರುಚಿ ಗ್ಲುಟಮೇಟ್ ಎಂಬ ರಾಸಾಯನಿಕದ್ದು ಎಂದು 1908ರಲ್ಲಿ ಜಪಾನಿನ ರಸಾಯನವಿಜ್ಞಾನಿ ಕಿಕುನಾಯೆ ಇಕೆದಾ ಕಂಡುಕೊಂಡರು. ಒಣಮೀನಿಗೆ ರುಚಿ ಕೊಡುವ ಇನೊಸಿನೇಟನ್ನು 1913ರಲ್ಲಿ ಅವರ ಶಿಷ್ಯ ಶಿಂತಾರೊ ಕೊದಾಮಾ ಗುರುತಿಸಿದರು. ಎರಡೂ ಸೇರಿದಾಗ ನಾಲಿಗೆಗೆ ತಾಗುವ ರುಚಿ ಕೂಡಿದ ಲೆಕ್ಕವನ್ನು ಬಹಳ ಮೀರುತ್ತದೆ.

ಬೆಂಗಳೂರಿನ ಬೋರ್‌ವೆಲ್ ನೀರು ಇಲ್ಲಿ ಒದಗುವುದಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಕೊಂಬಿನ ಮೈಗೆ ಅಂಟಿ ಸಾರ ಇಳಿಯಲು ಬಿಡದು. ಆರ್‌ಒ ನೀರನ್ನು ಬೈಯುವವರೂ ಈ ಒಂದು ಅಡುಗೆಗೆ ಅದನ್ನೇ ಹಿಡಿಯಲಿ.

ಸಸ್ಯಾಹಾರಿಗಳಿಗೆ ಬೌದ್ಧ ಮಠಗಳ ದಾರಿಯಿದೆ: 10 ಗ್ರಾಂ ಕೊಂಬಿನ ಜೊತೆ 15 ಗ್ರಾಂ ಒಣ ಶಿಟಾಕೆ ಅಣಬೆ. ಬಿಸಿನೀರಿನಲ್ಲಿ ನೆನೆಸುವ ಅವಸರ ಬೇಡ, ಕಹಿಯಾಗುತ್ತದೆ. ರಾತ್ರಿ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ತೀರಾ ನಿಧಾನವಾಗಿ ಬಿಸಿ ಮಾಡಿ. ಅಣಬೆಗೆ ರುಚಿ ಕೊಡುವ ಗ್ವಾನಿಲೇಟ್ ಚೆನ್ನಾಗಿ ಹುಟ್ಟುವುದು 60–70 ಡಿಗ್ರಿಯ ಆಸುಪಾಸಿನಲ್ಲಿ. ಅಂಗಡಿಯ ದಾಶಿ ಪುಡಿಯಲ್ಲಿ ಸಾಮಾನ್ಯವಾಗಿ ಮೀನಿರುತ್ತದೆ, ಪೊಟ್ಟಣ ಓದಿಯೇ ಕೊಳ್ಳಿ.

ಇನ್ನು ಉಪ್ಪು. ಪಶ್ಚಿಮ ಜಪಾನಿನ ಒಸಾಕಾ ಕಡೆಯವರು 1 ಲೀಟರ್ ದಾಶಿಗೆ 4 ಟೇಬಲ್ ಚಮಚ ತೆಳುಬಣ್ಣದ ಸೋಯಾ ಸಾಸ್, 2 ಟೇಬಲ್ ಚಮಚ ಮಿರಿನ್ ಎಂಬ ಸಿಹಿ ಅಕ್ಕಿಮದ್ಯ ಹಾಕಿದರೆ ಸಾರು ಹೊನ್ನಿನ ಬಣ್ಣಕ್ಕೆ ನಿಲ್ಲುತ್ತದೆ. ಬಣ್ಣ ತೆಳುವೆಂದು ಮೋಸಹೋಗಬೇಡಿ, ಆ ಸಾಸಿನಲ್ಲೇ ಉಪ್ಪು ಹೆಚ್ಚು. ಪೂರ್ವದ ಟೋಕಿಯೊದವರದು ಕಪ್ಪು ಸಾರು, ದಪ್ಪ ಚಕ್ಕೆ. ಅಲ್ಲಿನ ಸೋಬಾ (ಬಕ್‌ವೀಟ್ ನೂಡಲ್ಸ್) ಅಂಗಡಿಗಳು ಮೀನನ್ನು ಅರ್ಧ ಗಂಟೆಗೂ ಮೀರಿ ಕುದಿಸುತ್ತವೆ! ತೆಳು ಚಕ್ಕೆಗೆ ಹೇಳಿದ ನಿಯಮ ದಪ್ಪ ಚಕ್ಕೆಗೆ ಇಲ್ಲ. ಈ ಜಗಳದಲ್ಲಿ ಯಾರ ಪಕ್ಷವನ್ನೂ ಹಿಡಿಯಲಾಗದೆ ನಿಸ್ಸಿನ್ ಕಂಪನಿ ತನ್ನ ದೊನ್‌ಬೆಯಿ ಎಂಬ ದಿಢೀರ್ ಕಪ್ ಉದೊನನ್ನು ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಸಾರಿನಲ್ಲಿ ಮಾರುತ್ತದೆ.

ನೂಡಲ್ಸನ್ನು ಸಾರಿನಲ್ಲೇ ಬೇಯಿಸಬೇಡಿ. ಉದೊನ್ ಹಿಟ್ಟಿಗೆ ಉಪ್ಪು ಹಾಕಿಯೇ ನಾದಿರುತ್ತಾರೆ. ಆ ಉಪ್ಪೂ ಗಂಜಿಯೂ ಸಾರಿಗಿಳಿದರೆ ತಿಳಿ ಹೋಗಿ ಅಂಬಲಿ ಉಳಿಯುತ್ತದೆ. ಬೇರೆ ನೀರಿನಲ್ಲಿ ಬೇಯಿಸಿ, ತೊಳೆದು, ಮತ್ತೆ ಬಿಸಿನೀರಿಗೆ ಅದ್ದಿ ಬಟ್ಟಲಿಗೆ ಹಾಕಿ. ಕೊನೆಗುಳಿದ ಕೊಂಬನ್ನು ಎಸೆಯುವುದೇಕೆ? ಸಣ್ಣಗೆ ಹೆಚ್ಚಿ, ಸೋಯಾ ಸಾಸ್ ಮತ್ತು ಸಕ್ಕರೆಯಲ್ಲಿ ಬತ್ತಿಸಿದರೆ ಅನ್ನಕ್ಕೆ ನಂಚಿಕೊಳ್ಳಲು ಆಗುತ್ತದೆ.