ಬ್ರೇಕಿನ ಏರ್ ಇಳಿದರೆ ಕಂಪ್ರೆಸರ್ರೇ ಕೆಟ್ಟಿದೆ ಅಂತಲ್ಲ

"ಏರ್ ಗೇಜ್ ಏಳದಿದ್ದರೆ ಕಂಪ್ರೆಸರ್ ಬದಲಿಸಿ, ಅಲ್ಲಿವರೆಗೆ ಬಝರ್ ವೈರ್ ಕಿತ್ತು ಓಡಿಸಿ" ಎಂಬ ವಾಟ್ಸ್‌ಆ್ಯಪ್ ಸಂದೇಶ ಪೀಣ್ಯ, ನೆಲಮಂಗಲ ಕಡೆಯ ಟಿಪ್ಪರ್ ಚಾಲಕರಲ್ಲಿ ಹರಿದಾಡುತ್ತಿದೆ. ಮೊದಲನೆಯದು ಆತುರ, ಎರಡನೆಯದು ಜೀವಕ್ಕೇ ಸಂಚಕಾರ. ಟಿಪ್ಪರ್ ಬ್ರೇಕ್ ನಡೆಯುವುದು ಕಂಪ್ರೆಸರ್ ಟ್ಯಾಂಕಿಗೆ ತುಂಬುವ ಗಾಳಿಯ ಒತ್ತಡದಿಂದ. ಸಾಮಾನ್ಯವಾಗಿ ಆ ಒತ್ತಡ 60 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸಿಗೆ ಇಳಿದಾಗ ಬಝರ್ ಕೂಗುತ್ತದೆ. ಇನ್ನೂ ಇಳಿದರೆ, 20–45ರ ನಡುವೆ, ಗಾಳಿ ಹೋದಾಗ ಸ್ಪ್ರಿಂಗ್ ಬಲದಿಂದಲೇ ಚಕ್ರ ಹಿಡಿಯುವ ಸ್ಪ್ರಿಂಗ್ ಬ್ರೇಕ್ ತಾನಾಗಿ ಕಚ್ಚುತ್ತದೆ. ಬೆಂಗಳೂರಿನ ಗಿಜಿಗುಡುವ ಗೊರಗುಂಟೆಪಾಳ್ಯ ಜಂಕ್ಷನ್ ನಡುವೆಯೇ ಆದರೂ ಸರಿ.

ಮೊದಲು ಸೋರಿಕೆ ಹುಡುಕಿ. ಚಕ್ರಕ್ಕೆ ಅಡ್ಡ ಕೊಟ್ಟು, ಟ್ಯಾಂಕ್ ತುಂಬಿಸಿ, ಎಂಜಿನ್ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ರಿಲೀಸ್ ಮಾಡಿ. ಮುಳ್ಳು ನಿಮಿಷಕ್ಕೆ 2 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಜಾಯಿಂಟುಗಳಿಗೆ ಸೋಪು ನೀರು ಹಚ್ಚಿ. ಗುಳ್ಳೆ ಎದ್ದಲ್ಲೇ ಕಳ್ಳ. ಪೆಡಲ್ ತುಳಿದಾಗ ಮಾತ್ರ ಬುಸ್ ಅಂದರೆ ಬ್ರೇಕ್ ಚೇಂಬರ್ ಡಯಾಫ್ರಮ್ (ಚಕ್ರದ ಬಳಿಯ ಗಾಳಿ ಡಬ್ಬಿಯೊಳಗಿನ ರಬ್ಬರ್ ಪೊರೆ) ನೋಡಿ. ಸೋರಿಕೆ ಇಲ್ಲದೆಯೂ ನಿಧಾನ ತುಂಬಿದರೆ ಏರ್ ಫಿಲ್ಟರ್, ಗವರ್ನರ್ (ಕಂಪ್ರೆಸರ್ ಯಾವಾಗ ತುಂಬಬೇಕು, ನಿಲ್ಲಬೇಕು ಎಂದು ನಿಯಂತ್ರಿಸುವ ಭಾಗ) ನೋಡಿ. ಕಂಪ್ರೆಸರ್ ಸರದಿ ಆಮೇಲೆ.