ಮಕ್ಕಳ ವಿಷಯದಲ್ಲಿ ಇಷ್ಟು ಸಲೀಸಾಗಿ ಹೇಳಬೇಡಿ

ಒಳಗೆ ಮಣಿಯಂಥ ಭಾರ ತುಂಬಿ ಹೊಲಿದ ಹೊದಿಕೆಗಳ (ವೆಯ್ಟೆಡ್ ಬ್ಲಾಂಕೆಟ್) ಬಗ್ಗೆ ನಿಮ್ಮ ಲೇಖನ ಓದಿದೆ. ಮೈತೂಕದ ಶೇ 10ರಷ್ಟು ಭಾರದ ಹೊದಿಕೆ ಹೊದ್ದರೆ ಆತಂಕ ಇಳಿದು ಚೆನ್ನಾಗಿ ನಿದ್ದೆ ಬರುತ್ತದೆ, ಮಕ್ಕಳಿಗೂ ಇದೇ ಲೆಕ್ಕ ಎಂದು ಬರೆದಿದ್ದೀರಿ. ದೊಡ್ಡವರ ಮಟ್ಟಿಗೆ ಒಪ್ಪೋಣ. 2020ರ ಸ್ವೀಡನ್ ಅಧ್ಯಯನದಲ್ಲಿ ಆತಂಕ, ಖಿನ್ನತೆಯ ಜೊತೆ ನಿದ್ದೆಗೆಟ್ಟವರಿಗೆ 4 ವಾರದಲ್ಲೇ ಒಳ್ಳೆಯ ಫಲ ಸಿಕ್ಕಿತ್ತು. ಆದರೆ ಬ್ರಿಟನ್‌ನಲ್ಲಿ ಆಟಿಸಂ ಇರುವ ಮಕ್ಕಳ ಮೇಲೆ ನಡೆದ ಪ್ರಯೋಗ 2014ರಲ್ಲಿ ಪ್ರಕಟವಾಯಿತಲ್ಲ, ಅದರಲ್ಲಿ ನಿದ್ದೆಯೇನೂ ಹೆಚ್ಚಲಿಲ್ಲ. ತಮಾಷೆ ಅಂದರೆ, ಮಕ್ಕಳಿಗೂ ಅಪ್ಪ ಅಮ್ಮಂದಿರಿಗೂ ಭಾರದ ಹೊದಿಕೆಯೇ ಇಷ್ಟವಾಗಿತ್ತು!

ಭಾರದಿಂದ ಉಪಯೋಗವೇ ಇಲ್ಲ ಎನ್ನುತ್ತಿಲ್ಲ. ನನ್ನ ತಂಗಿ ಮಗ ಹೆಸರುಕಾಳು ತುಂಬಿದ ಬಟ್ಟೆಚೀಲವನ್ನು ತೊಡೆ ಮೇಲೆ ಇಟ್ಟುಕೊಂಡು ಹೋಂವರ್ಕ್ ಮಾಡುತ್ತಾನೆ. ಕಾಲು ಕುಣಿಸುವುದು ನಿಲ್ಲುತ್ತದೆ. ಸಾಕು ಅನಿಸಿದರೆ ತಾನೇ ಪಕ್ಕಕ್ಕೆ ತಳ್ಳುತ್ತಾನೆ. ಮುಖ್ಯವಾದ ಈ ಮಾತನ್ನೇ ನೀವು ಬಿಟ್ಟಿದ್ದೀರಿ. ತಾನಾಗಿ ಸರಿಸಿಕೊಳ್ಳಲು ಆಗದ ಮಗುವಿಗೆ ಭಾರದ ಹೊದಿಕೆ ಅಪಾಯ, ಉಸಿರಾಟದ ತೊಂದರೆ ಇರುವವರಿಗೂ ಅಷ್ಟೇ. ಇನ್ನು ಕಲಬುರಗಿಯ ಏಪ್ರಿಲ್ ಸೆಕೆಯಲ್ಲಿ 7 ಕೆಜಿ ಹೊದ್ದು ಮಲಗುವುದು ಹೇಗೆ ಸ್ವಾಮಿ? ಮೊದಲು ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕರು) ಹತ್ತಿರ ಕೇಳಿ ಅಂತ ಒಂದು ಸಾಲು ಸೇರಿಸಬಹುದಿತ್ತು, ಅಲ್ವಾ? ಕೊಳ್ಳುವ ಲಿಂಕ್ ಮಾತ್ರ ಮರೆಯದೆ ಹಾಕಿದ್ದೀರಿ.