ದೂರು ಹೇಳದವರ ಆರೋಗ್ಯ

1944ರಲ್ಲಿ, ಬಂಗಾಳದ ಕ್ಷಾಮದ ಬೆನ್ನಿಗೇ, ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯು ಕಲ್ಕತ್ತೆಯ ಸಮೀಪ ಒಂದು ಆರೋಗ್ಯ ಸಮೀಕ್ಷೆ ನಡೆಸಿತು. ಹೆಂಡತಿಯನ್ನು ಕಳೆದುಕೊಂಡ ಗಂಡಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ತಮ್ಮ ಆರೋಗ್ಯ ಕೆಟ್ಟಿದೆ, ಇಲ್ಲವೇ ಅಷ್ಟಕ್ಕಷ್ಟೇ ಎಂದು ಹೇಳಿಕೊಂಡರು. ಗಂಡನನ್ನು ಕಳೆದುಕೊಂಡ ಹೆಂಗಸರಲ್ಲಿ ಹಾಗೆ ಹೇಳಿದವರು ನೂರಕ್ಕೆ ಮೂವರೂ ಇರಲಿಲ್ಲ. ಆ ಕಾಲದ ಬಂಗಾಳಿ ವಿಧವೆ ಏನು ಉಣ್ಣುತ್ತಿದ್ದಳು, ಮನೆಯೊಳಗೆ ಆಕೆಯ ಸ್ಥಾನ ಎಂಥದಾಗಿತ್ತು ಎಂಬುದನ್ನು ಸ್ವಲ್ಪವಾದರೂ ಬಲ್ಲವರು, ಆಕೆ ವಿಧುರನಿಗಿಂತ ಗಟ್ಟಿಮುಟ್ಟಾಗಿದ್ದಳು ಎಂಬ ತೀರ್ಮಾನಕ್ಕೆ ಬರಲಾರರು. ತನ್ನ ದೇಹದ ಬಗ್ಗೆ ದೂರುವ ಹಕ್ಕು ತನಗಿದೆ ಎಂದೇ ಆಕೆಗೆ ಅನ್ನಿಸಿರಲಿಲ್ಲ ಎನ್ನುವುದು ಹೆಚ್ಚು ನಂಬತಕ್ಕ ವಿವರಣೆ. ಈ ಹಳೆಯ ಅಂಕಿಗಳನ್ನು ಮತ್ತೆ ಬೆಳಕಿಗೆ ತಂದವರು ಅಮರ್ತ್ಯ ಸೇನ್. ಅವರೇ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಪುಟ್ಟ ಲೇಖನವೊಂದರಲ್ಲಿ ಇದೇ ಮಾತನ್ನು ರಾಜ್ಯಗಳ ಮಟ್ಟದಲ್ಲಿ ತೋರಿಸಿದರು: ದೇಶದಲ್ಲೇ ಹೆಚ್ಚು ಆಯಸ್ಸಿರುವ ಕೇರಳದವರು ಕಾಯಿಲೆಯನ್ನೂ ಹೆಚ್ಚು ಹೇಳಿಕೊಳ್ಳುತ್ತಾರೆ, ಆಯಸ್ಸು ಕಡಿಮೆಯಿರುವ ಬಿಹಾರದವರು ಕಾಯಿಲೆಯನ್ನೂ ಕಡಿಮೆ ಹೇಳಿಕೊಳ್ಳುತ್ತಾರೆ, ಅಮೆರಿಕದವರು ಈ ವಿಷಯದಲ್ಲಿ ಕೇರಳವನ್ನೂ ಮೀರಿಸುತ್ತಾರೆ.

ವೈದ್ಯಕೀಯ ಕಾಲೇಜುಗಳ ಸ್ನಾತಕೋತ್ತರ ಪ್ರಬಂಧಗಳಲ್ಲಿನ ಅಂಕಿಅಂಶಗಳನ್ನು ಪರಿಶೀಲಿಸಿಕೊಡುವುದು ನನ್ನ ಕೆಲಸದ ಒಂದು ಭಾಗ. ಇತ್ತೀಚಿನ ವರ್ಷಗಳಲ್ಲಿ ‘ಆರೋಗ್ಯ ಸಂಬಂಧಿತ ಜೀವನ ಗುಣಮಟ್ಟ’, ಅಂದರೆ ತಮ್ಮ ಆರೋಗ್ಯದಿಂದ ಬದುಕು ಹೇಗಿದೆ ಎಂದು ಜನರನ್ನೇ ಕೇಳಿ ಅಳೆಯುವ ವಿಷಯ, ಅಲ್ಲಿ ಎಡೆಬಿಡದೆ ಕಾಣಿಸಿಕೊಳ್ಳುತ್ತಿದೆ. ಡಯಾಲಿಸಿಸ್ ರೋಗಿಗಳು, ಮಧುಮೇಹಿಗಳು, ವೃದ್ಧಾಶ್ರಮದವರು, ಗಾರ್ಮೆಂಟ್ಸ್ ಕಾರ್ಮಿಕರು ಹೀಗೆ ಯಾವುದಾದರೊಂದು ಗುಂಪಿಗೆ ಪ್ರಶ್ನಾವಳಿ ಕೊಟ್ಟು, ಸರಾಸರಿ ಅಂಕ ತೆಗೆದು, ಇನ್ನೊಂದು ಗುಂಪಿನ ಸರಾಸರಿಯ ಪಕ್ಕದಲ್ಲಿಟ್ಟು, ಇವರ ಬದುಕು ಅವರ ಬದುಕಿಗಿಂತ ಮೇಲು ಅಥವಾ ಕೀಳು ಎಂದು ಬರೆಯುವುದು ರೂಢಿಯಾಗಿದೆ. ಒಂದೇ ಗುಂಪಿನ ಜನರನ್ನು ಚಿಕಿತ್ಸೆಯ ಮುಂಚೆ ಮತ್ತು ನಂತರ ಕೇಳಿ ಹೋಲಿಸುವುದಕ್ಕೆ ನನ್ನ ತಕರಾರು ಕಡಿಮೆ. ಬೇರೆ ಬೇರೆ ಬದುಕಿನ ಗುಂಪುಗಳನ್ನು ಒಂದೇ ಅಂಕದಿಂದ ಹೋಲಿಸುವಾಗ, ಆ ಹೋಲಿಕೆ ಸಲ್ಲುತ್ತದೆಯೇ ಎಂದು ಮೊದಲು ಸಾಬೀತುಪಡಿಸದೆ ಫಲಿತಾಂಶ ಪ್ರಕಟಿಸುವುದು ತಪ್ಪು ಎಂಬುದು ನನ್ನ ನಿಲುವು.

ಈ ಪ್ರಶ್ನಾವಳಿಗಳು ಹುಟ್ಟಿದ್ದು ಒಳ್ಳೆಯ ಉದ್ದೇಶದಿಂದಲೇ. ರೋಗವಿಲ್ಲದಿರುವುದಷ್ಟೇ ಆರೋಗ್ಯವಲ್ಲ, ದೈಹಿಕ, ಮಾನಸಿಕ, ಸಾಮಾಜಿಕ ಕ್ಷೇಮವೆಲ್ಲ ಸೇರಿದ್ದು ಆರೋಗ್ಯ ಎಂದು 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ ಸಾರಿತು. ಹಾಗಿದ್ದರೆ ರಕ್ತಪರೀಕ್ಷೆ, ಎಕ್ಸ್‌ರೇಗಳಿಂದ ತಿಳಿಯದ ಸಂಗತಿಯನ್ನು ರೋಗಿಯ ಬಾಯಿಂದಲೇ ಕೇಳಿ ತಿಳಿಯಬೇಕಾಯಿತು. ಯುರೋಪಿನ ಸಂಶೋಧಕರು 1987ರಲ್ಲಿ ಯೂರೋಕ್ವಾಲ್ ಗುಂಪು ಕಟ್ಟಿ ರೂಪಿಸಿದ ಇಕ್ಯೂ-5ಡಿ ಕೇಳುವುದು ಐದೇ ಸಂಗತಿಗಳನ್ನು: ಓಡಾಟ, ತನ್ನ ಆರೈಕೆ ತಾನೇ ಮಾಡಿಕೊಳ್ಳುವುದು, ನಿತ್ಯದ ಕೆಲಸ, ನೋವು, ಆತಂಕ ಅಥವಾ ಖಿನ್ನತೆ. ಅಮೆರಿಕದಲ್ಲಿ 1992ರಲ್ಲಿ ಪ್ರಕಟವಾದ ಎಸ್ಎಫ್-36ರಲ್ಲಿ ಮೂವತ್ತಾರು ಪ್ರಶ್ನೆಗಳು, ಎಂಟು ಆಯಾಮಗಳು. ವಿಶ್ವ ಆರೋಗ್ಯ ಸಂಸ್ಥೆಯದು ಬೇರೆ ದಾರಿ. ಒಂದು ದೇಶದಲ್ಲಿ ಸಿದ್ಧಪಡಿಸಿ ಉಳಿದವರಿಗೆ ಹಂಚುವ ಬದಲು, 1991ರಿಂದ ಜಗತ್ತಿನ ಹದಿನೈದು ಕೇಂದ್ರಗಳಲ್ಲಿ ಏಕಕಾಲಕ್ಕೆ ಕೆಲಸ ನಡೆಸಿ ಅದು ತನ್ನ ನೂರು ಪ್ರಶ್ನೆಗಳ ಮಾಪನವನ್ನು ರೂಪಿಸಿತು. ಆ ಕೇಂದ್ರಗಳಲ್ಲಿ ದೆಹಲಿಯೂ ಮದರಾಸೂ ಇದ್ದವು. ಅದರ ಇಪ್ಪತ್ತಾರು ಪ್ರಶ್ನೆಗಳ ಕಿರು ರೂಪವೇ ನಮ್ಮ ಕಾಲೇಜುಗಳಲ್ಲಿ ಎಲ್ಲರೂ ಬಳಸುವ ಹೂಕ್ವಾಲ್-ಬ್ರೆಫ್. ದೇಹ, ಮನಸ್ಸು, ಸಂಬಂಧಗಳು, ಪರಿಸರ ಎಂಬ ನಾಲ್ಕು ವಿಭಾಗಗಳಲ್ಲಿ ಅದು ಅಂಕ ಕೊಡುತ್ತದೆ. ಕನ್ನಡದಲ್ಲೂ ಅದು ಬಳಕೆಯಲ್ಲಿದೆ.

ಹೋಲಿಕೆ ಕೆಡುವ ಮೊದಲ ಜಾಗ ಪ್ರಶ್ನೆಗಳೊಳಗಿನ ಬದುಕು. ಎಸ್ಎಫ್-36ರ ಮೂಲದಲ್ಲಿ ಮಧ್ಯಮ ಶ್ರಮದ ಕೆಲಸಕ್ಕೆ ಕೊಟ್ಟಿರುವ ಉದಾಹರಣೆಗಳು ಮೇಜು ಸರಿಸುವುದು, ವ್ಯಾಕ್ಯೂಮ್ ಕ್ಲೀನರ್ ತಳ್ಳುವುದು, ಬೌಲಿಂಗ್ ಆಡುವುದು ಮತ್ತು ಗಾಲ್ಫ್ ಆಡುವುದು. ಇವನ್ನು ಬದಲಾಯಿಸಿಕೊಳ್ಳುವುದು ಸುಲಭ, ಹಲವು ದೇಶದವರು ಬದಲಾಯಿಸಿಕೊಂಡಿದ್ದಾರೆ. ಇದಕ್ಕಿಂತ ನನ್ನನ್ನು ಕಾಡುವುದು ಮಂಡಿನೋವಿನ ಸಂಶೋಧನೆಯಲ್ಲಿ ಹೆಚ್ಚು ಬಳಕೆಯಾಗುವ, ಕೆನಡಾದಲ್ಲಿ ರೂಪುಗೊಂಡ ವೋಮ್ಯಾಕ್ ಪ್ರಶ್ನಾವಳಿ. ಅದರ ಇಪ್ಪತ್ನಾಲ್ಕು ಪ್ರಶ್ನೆಗಳಲ್ಲಿ ಹದಿನೇಳು ನಿತ್ಯದ ಚಲನವಲನಕ್ಕೆ ಸಂಬಂಧಿಸಿದವು. ಕಾಲುಚೀಲ ಹಾಕಿಕೊಳ್ಳುವುದು ಒಂದು ಪ್ರಶ್ನೆ, ಕಾಲುಚೀಲ ತೆಗೆಯುವುದು ಇನ್ನೊಂದು. ಕಾರು ಹತ್ತಿ ಇಳಿಯುವುದು ಒಂದು, ಸ್ನಾನದ ತೊಟ್ಟಿಯೊಳಗೆ ಇಳಿದು ಹೊರಬರುವುದು ಮತ್ತೊಂದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದರ ಬಗ್ಗೆ ಅದರಲ್ಲಿ ಒಂದು ಪ್ರಶ್ನೆಯೂ ಇಲ್ಲ, ಕುಕ್ಕರಗಾಲಿನಲ್ಲಿ ಕೂರುವುದರ ಬಗ್ಗೆಯೂ ಇಲ್ಲ. ನಮ್ಮಲ್ಲಿ ಮಂಡಿ ಸವೆದ ಹೆಂಗಸು ಮೊದಲು ಕಳೆದುಕೊಳ್ಳುವುದು ಇವನ್ನೇ. ಬೆಳಗಿನ ಶೌಚ, ಕಳೆ ಕೀಳುವುದು, ನೆಲ ಒರೆಸುವುದು, ಊಟದ ಪಂಕ್ತಿಯಲ್ಲಿ ಕೂರುವುದು, ಪೂಜೆಗೆ ಕೂರುವುದು, ಬಾಣಂತಿಯ ಮನೆಯಲ್ಲಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವುದು, ಇವುಗಳಲ್ಲಿ ಒಂದನ್ನೂ ಮಾಡಲಾಗದ ಹೆಂಗಸು ಕಾಲುಚೀಲದ ಎರಡು ಪ್ರಶ್ನೆಗೂ ಕಾರಿನ ಪ್ರಶ್ನೆಗೂ ತೊಟ್ಟಿಯ ಪ್ರಶ್ನೆಗೂ ‘ತೊಂದರೆಯಿಲ್ಲ’ ಎಂದರೆ, ಅದು ಪ್ರಾಮಾಣಿಕ ಉತ್ತರವೇ. ಆಕೆ ಕಾಲುಚೀಲವನ್ನೇ ಹಾಕುವುದಿಲ್ಲ. ಆದರೆ ಕಾಗದದ ಮೇಲೆ ಆಕೆಯ ಮಂಡಿ, ನಗರದಲ್ಲಿ ಕುರ್ಚಿಯ ಮೇಲೆ ಕುಳಿತೇ ದಿನ ಕಳೆಯುವ ನಿವೃತ್ತ ಅಧಿಕಾರಿಯ ಮಂಡಿಗಿಂತ ವಾಸಿ ಎಂದು ದಾಖಲಾಗುತ್ತದೆ.

ಪ್ರಶ್ನೆ ಸರಿಯಾಗಿಯೇ ಇದ್ದರೂ ಕೆಡುವ ಎರಡನೆಯ ಜಾಗ, ಆ ವಿಧವೆಯರು ತೋರಿಸಿಕೊಟ್ಟದ್ದು. ‘ಕಳೆದ ಎರಡು ವಾರಗಳಲ್ಲಿ ನಿಮ್ಮ ಆರೋಗ್ಯ ಎಷ್ಟು ತೃಪ್ತಿಕರವಾಗಿತ್ತು’ ಎಂದು ಕೇಳಿದಾಗ ಉತ್ತರಿಸುವವರು ತಮ್ಮ ಸ್ಥಿತಿಯನ್ನು ಯಾವುದರ ಜೊತೆ ಹೋಲಿಸಿಕೊಳ್ಳುತ್ತಾರೆ ಎಂಬುದು ನಮಗೆ ಕಾಣುವುದಿಲ್ಲ. ಇಲ್ಲಿ ಅವಸರದ ತೀರ್ಮಾನಕ್ಕೆ ಹೋಗಬಾರದು, ಏಕೆಂದರೆ ಇದಕ್ಕೆ ಇನ್ನೊಂದು ಮುಖವಿದೆ. 1999ರಲ್ಲಿ ಆಲ್ಬ್ರೆಕ್ಟ್ ಮತ್ತು ಡೆವ್ಲೀಗರ್ ಎಂಬ ಸಂಶೋಧಕರು ಗಂಭೀರ ಅಂಗವೈಕಲ್ಯದೊಂದಿಗೆ ಬದುಕುತ್ತಿರುವವರನ್ನು ವಿವರವಾಗಿ ಮಾತನಾಡಿಸಿದಾಗ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಬದುಕು ಚೆನ್ನಾಗಿದೆ, ಬಹಳ ಚೆನ್ನಾಗಿದೆ ಎಂದರು. ಹೊರಗಿನಿಂದ ನೋಡುವವರಿಗೆ, ವೈದ್ಯರಿಗೂ ಸಹ, ಇದು ನಂಬಲಾಗದ ಮಾತು. ಈ ಉತ್ತರವನ್ನು ‘ಪಾಪ, ಹೊಂದಿಕೊಂಡುಬಿಟ್ಟಿದ್ದಾರೆ’ ಎಂದು ತಳ್ಳಿಹಾಕುವುದು ಅಹಂಕಾರ. ಗಾಲಿಕುರ್ಚಿಯಲ್ಲಿ ಓಡಾಡಿಕೊಂಡು, ದುಡಿದು, ನಾಲ್ಕು ಜನರ ನಡುವೆ ಇದ್ದು ಬದುಕನ್ನು ಮತ್ತೆ ಕಟ್ಟಿಕೊಂಡವರು ತಮ್ಮ ಬದುಕಿಗೆ ಎಂಬತ್ತು ಅಂಕ ಕೊಟ್ಟರೆ ಅದನ್ನು ಎಂಬತ್ತು ಎಂದೇ ಬರೆದುಕೊಳ್ಳಬೇಕು. ಆದರೆ ಬೇರೆ ಏನನ್ನೂ ಬಯಸಬಹುದೆಂದು ಕಲ್ಪಿಸಿಕೊಳ್ಳಲೂ ಅವಕಾಶ ಸಿಗದ ಹೆಂಗಸು ಕೊಡುವ ಅಂಕವೂ ಎಂಬತ್ತೇ ಆಗಬಹುದು. ಒಂದು, ಗಳಿಸಿಕೊಂಡ ನೆಮ್ಮದಿ. ಇನ್ನೊಂದು, ಕೈಬಿಟ್ಟ ಆಸೆ. ಸರಾಸರಿ ತೆಗೆಯುವ ಸಾಫ್ಟ್‌ವೇರ್‌ಗೆ ಎರಡೂ ಒಂದೇ.

ಇವೆರಡನ್ನು ಬೇರ್ಪಡಿಸಲು ಪೂರ್ತಿ ಪರಿಹಾರವಿಲ್ಲದಿದ್ದರೂ ಸಾಕಷ್ಟು ಕೆಲಸಕ್ಕೆ ಬರುವ ಉಪಾಯಗಳಿವೆ. ಉತ್ತರಿಸುವವರಿಗೆ ಅವರ ಬಗ್ಗೆ ಕೇಳುವುದರ ಜೊತೆಗೆ, ಕಲ್ಪಿತ ವ್ಯಕ್ತಿಯೊಬ್ಬನ ಪುಟ್ಟ ಚಿತ್ರಣ ಕೊಟ್ಟು, ಇವನ ಆರೋಗ್ಯಕ್ಕೆ ನೀವೆಷ್ಟು ಅಂಕ ಕೊಡುತ್ತೀರಿ ಎಂದು ಕೇಳುವುದು ಒಂದು. ಸ್ವಲ್ಪ ದೂರ ನಡೆದರೆ ಏದುಸಿರು ಬಿಡುವ ಅದೇ ಮನುಷ್ಯನಿಗೆ ಒಂದು ಊರಿನವರು ‘ತೀವ್ರ ತೊಂದರೆ’ ಎಂದೂ ಮತ್ತೊಂದು ಊರಿನವರು ‘ಅಷ್ಟೇನಿಲ್ಲ’ ಎಂದೂ ಹೇಳಿದರೆ, ಅಳತೆಗೋಲುಗಳೇ ಬೇರೆ ಎಂಬುದು ಗೊತ್ತಾಗುತ್ತದೆ, ಅವರವರ ಸ್ವಂತ ಉತ್ತರಗಳನ್ನು ಅದಕ್ಕೆ ತಕ್ಕಂತೆ ಸರಿಪಡಿಸಬಹುದು. ಜೊತೆಗೆ, ಹೇಳಿಕೆಯ ಪಕ್ಕದಲ್ಲಿ ಅಳತೆಯನ್ನೂ ಇಡಬಹುದು. ವಯಸ್ಸಾದವರ ಕುರಿತು ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಸೇಜ್ ಅಧ್ಯಯನ ಎರಡನ್ನೂ ಮಾಡಿದೆ. 2007-08ರಲ್ಲಿ ಭಾರತದ ಆರು ರಾಜ್ಯಗಳಲ್ಲಿ ಅದು ನಡೆಯಿತು, ಅವುಗಳಲ್ಲಿ ಕರ್ನಾಟಕವೂ ಒಂದು. ಅಲ್ಲಿ ಇಂಥ ಚಿತ್ರಣಗಳೂ ಇದ್ದವು, ಮುಷ್ಟಿಯ ಬಿಗಿ, ನಡಿಗೆಯ ವೇಗ, ರಕ್ತದೊತ್ತಡಗಳ ಅಳತೆಯೂ ಇತ್ತು. ‘ನಿಮಗೆ ಬಿಪಿ ಇದೆಯೇ’ ಎಂದು ಕೇಳಿ ಸುಮ್ಮನಾದರೆ, ಎಂದೂ ಪರೀಕ್ಷೆ ಮಾಡಿಸಿಕೊಳ್ಳದವರೆಲ್ಲ ಆರೋಗ್ಯವಂತರ ಪಟ್ಟಿ ಸೇರುತ್ತಾರೆ. ನಮ್ಮ ರಾಜ್ಯದ ಹಳ್ಳಿಗಳಲ್ಲೇ ಇಂಥ ಕೆಲಸ ನಡೆದಿರುವಾಗ, ನಮ್ಮ ಪ್ರಬಂಧಗಳು ಅದರತ್ತ ಕಣ್ಣೆತ್ತಿಯೂ ನೋಡದಿರುವುದು ನನಗೆ ಬೇಸರದ ವಿಷಯ.

ಪ್ರಶ್ನೆ ಕೇಳುವಾಗ ಪಕ್ಕದಲ್ಲಿ ಯಾರಿದ್ದರು ಎಂಬುದನ್ನಂತೂ ಯಾರೂ ಬರೆದಿಡುವುದಿಲ್ಲ. ಹೂಕ್ವಾಲ್-ಬ್ರೆಫ್ ಬಹುಮಟ್ಟಿಗೆ ಓದು ಬರಹ ಬಲ್ಲವರು ತಾವೇ ತುಂಬಲೆಂದು ಸಿದ್ಧವಾದದ್ದು; ನಮ್ಮಲ್ಲಿ ಅದನ್ನು ಹೌಸ್ ಸರ್ಜನ್ ಓದಿ ಹೇಳುತ್ತಾರೆ, ಸೊಸೆಯ ಪಕ್ಕದಲ್ಲಿ ಅತ್ತೆ ಇರುತ್ತಾರೆ, ಅತ್ತೆಯ ಪಕ್ಕದಲ್ಲಿ ಮಗ ಇರುತ್ತಾನೆ. ಅದರ ಇಪ್ಪತ್ತೊಂದನೆಯ ಪ್ರಶ್ನೆ ಲೈಂಗಿಕ ಜೀವನದ ತೃಪ್ತಿಯದು. ವಾರ್ಡಿನಲ್ಲಿ ಹತ್ತು ಜನ ಕೇಳಿಸಿಕೊಳ್ಳುವಂತೆ ಅದನ್ನು ಓದಿದರೆ ಅರವತ್ತು ದಾಟಿದ ವಿಧವೆ ಏನು ಹೇಳಬೇಕು? ಸಾಮಾಜಿಕ ಸಂಬಂಧಗಳ ವಿಭಾಗದಲ್ಲಿ ಇರುವುದೇ ಮೂರು ಪ್ರಶ್ನೆ. ಅದರಲ್ಲಿ ಒಂದಕ್ಕೆ ಉತ್ತರವಿಲ್ಲವಾದರೆ ಉಳಿದ ಎರಡರಿಂದ ಅಂಕ ಹೊಂದಿಸುತ್ತಾರೆ, ಇಲ್ಲವೇ ಸಂದರ್ಶಕರು ಐದು ಆಯ್ಕೆಗಳಲ್ಲಿ ನಡುವಿನ ಮೂರನೆಯದಕ್ಕೆ ಟಿಕ್ ಹಾಕಿ ಮುಂದೆ ಹೋಗುತ್ತಾರೆ. ಇಡೀ ಕಾಲಂನಲ್ಲಿ ಸಾಲಾಗಿ ಮೂರು, ಮೂರು, ಮೂರು ಎಂದು ಬಂದಿರುವ ದತ್ತಾಂಶವನ್ನು ನಾನು ನೋಡಿದ್ದೇನೆ. ಆಮೇಲೆ ಆ ಅಂಕದಲ್ಲಿ ಗಂಡಸರಿಗೂ ಹೆಂಗಸರಿಗೂ ವ್ಯತ್ಯಾಸವಿಲ್ಲ ಎಂಬ ತೀರ್ಮಾನ ಬಂದಿತ್ತು.

ಇದೆಲ್ಲ ಪ್ರಬಂಧಗಳಿಗಷ್ಟೇ ಸೀಮಿತವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಈ ಅಂಕಗಳು ಈಗ ಹಣದ ನಿರ್ಧಾರಗಳಿಗೂ ಹೋಗುತ್ತಿವೆ. ಒಂದು ವರ್ಷದ ಆಯಸ್ಸನ್ನು ಆ ವರ್ಷದ ಆರೋಗ್ಯದ ಗುಣಮಟ್ಟದಿಂದ ಗುಣಿಸಿ ಪಡೆಯುವ ‘ಕ್ವಾಲಿ’ ಎಂಬ ಲೆಕ್ಕವನ್ನು, ಯಾವ ಚಿಕಿತ್ಸೆಗೆ ಸರ್ಕಾರಿ ಹಣ ಸಲ್ಲಬೇಕೆಂದು ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆ ಬಹುಕಾಲದಿಂದ ಬಳಸುತ್ತಿದೆ. ನಮ್ಮ ಕೇಂದ್ರ ಸರ್ಕಾರವೂ 2017ರಲ್ಲಿ ಇಂಥದೇ ಕೆಲಸಕ್ಕೆ, ಅಂದರೆ ಆರೋಗ್ಯ ತಂತ್ರಜ್ಞಾನ ಮೌಲ್ಯಮಾಪನಕ್ಕಾಗಿ, ಎಚ್‌ಟಿಎಇನ್ ವ್ಯವಸ್ಥೆಯನ್ನು ಕಟ್ಟಿತು. ಈ ಲೆಕ್ಕಕ್ಕೆ ಬೇಕಾದ ಮೌಲ್ಯಗಳನ್ನು, ಅಂದರೆ ಆರೋಗ್ಯದ ಯಾವ ಸ್ಥಿತಿಗೆ ಎಷ್ಟು ಅಂಕ ಎಂಬುದನ್ನು, ಪಡೆಯುವ ವಿಧಾನ ವಿಚಿತ್ರವಾದದ್ದು: ಇಂಥ ಕಾಯಿಲೆಯ ಸ್ಥಿತಿಯಲ್ಲಿ ಹತ್ತು ವರ್ಷ ಬದುಕುವುದು, ಪೂರ್ಣ ಆರೋಗ್ಯದಲ್ಲಿ ಅದಕ್ಕಿಂತ ಕಡಿಮೆ ವರ್ಷ ಬದುಕುವುದು, ಇವೆರಡರಲ್ಲಿ ಯಾವುದು ಬೇಕು ಎಂದು ಸಾಮಾನ್ಯ ಜನರನ್ನು ಕೇಳಿ, ವರ್ಷಗಳನ್ನು ಹೆಚ್ಚು ಕಡಿಮೆ ಮಾಡುತ್ತಾ ಹೋಗುವುದು. ಬಹುಕಾಲ ಭಾರತದ ಲೆಕ್ಕಗಳಿಗೂ ಬೇರೆ ದೇಶದವರ ಉತ್ತರಗಳನ್ನೇ ಎರವಲು ಪಡೆಯಲಾಗುತ್ತಿತ್ತು. ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆಯ ಸಂಶೋಧಕರ ಮುಂದಾಳತ್ವದಲ್ಲಿ ಐದು ರಾಜ್ಯಗಳ ಮೂರೂವರೆ ಸಾವಿರ ಜನರನ್ನು ಕೇಳಿ ರೂಪಿಸಿದ ಭಾರತೀಯ ಮೌಲ್ಯಗಳು 2022ರಲ್ಲಿ ಪ್ರಕಟವಾದವು. ಇದು ದೊಡ್ಡ ಹೆಜ್ಜೆಯೇ. ಆದರೆ ಮೌಲ್ಯಗಳು ನಮ್ಮವಾದರೂ, ರೋಗಿ ‘ನೋವಿಲ್ಲ’ ಎಂದು ಟಿಕ್ ಹಾಕಿದ ಮೇಲೆ ಸೂತ್ರ ಅದನ್ನು ನಂಬಲೇಬೇಕು. ಸಹಿಸುವುದನ್ನು ರೂಢಿ ಮಾಡಿಕೊಂಡ ಗುಂಪು ಮೊದಲೇ ಹೆಚ್ಚು ಅಂಕ ಕೊಟ್ಟುಕೊಂಡಿದ್ದರೆ, ಚಿಕಿತ್ಸೆಯಿಂದ ಅವರಿಗೆ ಸಿಗುವ ಲಾಭ ಲೆಕ್ಕದಲ್ಲಿ ಸಣ್ಣದಾಗಿ ಕಾಣುತ್ತದೆ, ಖರ್ಚು ಮಾಡುವುದು ವ್ಯರ್ಥ ಎಂಬ ತೀರ್ಮಾನಕ್ಕೆ ಅಧಿಕೃತ ಮುದ್ರೆಯೂ ಬೀಳಬಹುದು.

ಹಾಗೆಂದು ಕೇಳುವುದನ್ನೇ ಬಿಟ್ಟು ವೈದ್ಯರ ಅಂದಾಜನ್ನು ನೆಚ್ಚಿಕೊಳ್ಳೋಣ ಎಂದು ನಾನು ಹೇಳುತ್ತಿಲ್ಲ, ಅದು ಇನ್ನೂ ಕೆಟ್ಟದ್ದು. ಬೇರೆಯವರ ಪರವಾಗಿ ಉತ್ತರಿಸುವುದು ಎಷ್ಟು ಕಷ್ಟ ಎಂಬುದು ಮಕ್ಕಳ ಅಧ್ಯಯನಗಳಿಂದ ಚೆನ್ನಾಗಿ ಗೊತ್ತಾಗಿದೆ: ಮಗು ಓಡುತ್ತದೆಯೇ, ಮೆಟ್ಟಿಲು ಹತ್ತುತ್ತದೆಯೇ ಎಂಬ ಬಗ್ಗೆ ತಂದೆತಾಯಿಯ ಉತ್ತರವೂ ಮಗುವಿನ ಉತ್ತರವೂ ಸಾಕಷ್ಟು ತಾಳೆಯಾಗುತ್ತವೆ, ಮಗುವಿಗೆ ಹೆದರಿಕೆಯಾಗುತ್ತದೆಯೇ, ಬೇಜಾರಾಗುತ್ತದೆಯೇ ಎಂಬಲ್ಲಿ ಅಷ್ಟಾಗಿ ತಾಳೆಯಾಗುವುದಿಲ್ಲ. ಐದು ವರ್ಷದ ಮಕ್ಕಳಿಗೂ ನಗುಮುಖ, ಅಳುಮುಖಗಳ ಚಿತ್ರ ತೋರಿಸಿ ಕೇಳುವ ಪೆಡ್ಸ್‌ಕ್ಯೂಎಲ್‌ನಂಥ ಪ್ರಶ್ನಾವಳಿಗಳು ಇರುವಾಗ, ಮಗುವಿನ ಕಾಲಂ ಖಾಲಿ ಬಿಟ್ಟು ತಾಯಿಯ ಉತ್ತರವನ್ನು ಮಗುವಿನ ಜೀವನ ಗುಣಮಟ್ಟ ಎಂದು ಬರೆದ ಪ್ರಬಂಧವನ್ನು ನಾನು ಇನ್ನು ಮುಂದೆ ತಿದ್ದುಪಡಿಯಿಲ್ಲದೆ ಹಿಂದಿರುಗಿಸುವುದಿಲ್ಲ. ಗುಂಪುಗಳ ಹೋಲಿಕೆಯ ಕೋಷ್ಟಕ ಬಂದರೆ ನಾನು ಮೊದಲು ಕೇಳುವುದು ಇಷ್ಟು: ಎಷ್ಟು ಜನ ಯಾವ ಪ್ರಶ್ನೆಗೆ ಉತ್ತರಿಸಲಿಲ್ಲ, ಪ್ರಶ್ನೆ ಓದಿದವರು ಯಾರು, ಕೋಣೆಯಲ್ಲಿ ಇನ್ಯಾರಿದ್ದರು, ಹೇಳಿಕೆಯ ಜೊತೆಗೆ ಕೈಯಾರೆ ಅಳೆದದ್ದು ಏನಾದರೂ ಇದೆಯೇ. ಇವಕ್ಕೆ ಉತ್ತರವಿಲ್ಲದಿದ್ದರೆ ಆಯಾ ಗುಂಪಿನ ಅಂಕಗಳನ್ನು ಬೇರೆ ಬೇರೆ ಪುಟಗಳಲ್ಲಿ ಕೊಡಲಿ, ಅಕ್ಕಪಕ್ಕ ಇಡುವುದು ಬೇಡ.